ಟಪ್ಪಿಲ್ಲದ ಕಾರಿಗೆ ಇಂಗ್ಲೆಂಡಿನ ಅಳತೆ

ಮಿರಜ್ ಸ್ಟೇಶನ್ನು

ಇಂಗ್ಲೆಂಡಿಗೆ ಹೋಗಿಬಂದವರೆಲ್ಲ ರಾಣಿಯ ಅರಮನೆ, ದೊಡ್ಡ ಗಡಿಯಾರ, ಥೇಮ್ಸ್ ನದಿ ಅಂತ ಬರೆಯುತ್ತಾರೆ. ನಾನು ನೋಡಿದ್ದು ಒಂದು ಗ್ಯಾರೇಜು, ಒಬ್ಬ ಮುದುಕಿ, ಒಂದು ಕಾರು. ಗಡಿಯಾರವನ್ನೂ ನೋಡಬಹುದಿತ್ತು. ಆದರೆ ನಮ್ಮ ಬಸ್ಸು ಅದರ ಮುಂದೆ ಹಾಯುವಾಗ ನಾನು ಸೀಟಿನ ಕೆಳಗೆ ತಲೆ ತೂರಿಸಿಕೊಂಡು ಕಾಕಾನ ಕಟಕ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದೆ.

ಕಾಕಾ ಅಂದರೆ ಬಾಳಕಾಕಾ, ನಮ್ಮಪ್ಪನ ತಮ್ಮ. ಸಾಂಗ್ಲಿಯ ಪೇಟೆಯಲ್ಲಿ ನಮ್ಮದು ಅರಿಷಿಣದ ದಲಾಲಿ ಅಂಗಡಿ, ಹೊಲ ಕಸಬೆ ಡಿಗ್ರಜದಲ್ಲಿ. ಮಾತನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಜೈನರು ನಾವು. ಇನ್ನು ಕಾರು. ನಮ್ಮಜ್ಜ ಒಂದು ಸಣ್ಣ ಸಂಸ್ಥಾನದ ಹರಾಜಿನಲ್ಲಿ ಹಿಡಿದದ್ದು ಅದು. ಎರಡನೇ ಮಹಾಯುದ್ಧಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಕೈಯಿಂದ ಕಟ್ಟಿದ ಗಾಡಿ. ಉದ್ದ ಎಷ್ಟೆಂದರೆ ಅದರ ಮೂಗು ಪೇಟೆಯ ತಿರುವಿಗೆ ಬಂದ ಮೇಲೆ ಬೆನ್ನು ಬರುವ ತನಕ ಒಂದು ಚಹಾ ಕುಡಿಯಬಹುದು. ಮೇಲೆ ಬಟ್ಟೆಯ ಮಡಚುವ ಚಾವಣಿ. ನಮ್ಮ ಕಡೆ ಅದಕ್ಕೆ ಟಪ್ಪು ಅನ್ನುತ್ತಾರೆ.

ಅಜ್ಜ ಕಾರನ್ನು ಮನೆಗೆ ತಂದವರೇ ಎರಡು ಸುಧಾರಣೆ ಮಾಡಿದರು. ಮೊದಲನೆಯದು, ಸೀಟಿನ ಚರ್ಮವನ್ನೆಲ್ಲ ಕಿತ್ತು ಹಾಕಿ, ಅಂಗಡಿಯಲ್ಲಿ ಹಾಸುವಂಥ ಹತ್ತಿಯ ಗಾದಿ ಹೊಲಿಸಿ, ಬಿಳಿ ಖೋಳ ಹಾಕಿಸಿದರು. ಜೈನರು ಚರ್ಮದ ಮೇಲೆ ಕೂರುವುದೆಂತು? ಎರಡನೆಯದು, ಟಪ್ಪನ್ನೇ ಬಿಚ್ಚಿಸಿದರು. ಯಾಕೆಂದರೆ ಕಾರನ್ನು ಬಳಸುತ್ತಿದ್ದದ್ದು ಮದುವೆ ಮೆರವಣಿಗೆಗೆ ಮಾತ್ರ, ಮೆರವಣಿಗೆಯಲ್ಲಿ ಗಂಡು ನಿಂತಿರಬೇಕು, ನಿಂತರೆ ಪೇಟದ ತುರಾಯಿ ಟಪ್ಪಿಗೆ ತಾಗುತ್ತಿತ್ತು. ಟಪ್ಪಿನ ಕಬ್ಬಿಣದ ತೋಳುಗಳು ಡಿಗ್ರಜದ ಹೊಲದಲ್ಲಿ ಹೀರೇಬಳ್ಳಿಗೆ ಚಪ್ಪರವಾಗಿ, ಅಲ್ಲಿಂದ ಗುಜರಿಗೆ ಹೋಗಿ ಮುಕ್ತಿ ಪಡೆದವು. ಅಪ್ಪ, ಕಾಕಾ, ಪೇಟೆಯ ಅರ್ಧ ಗಂಡಸರು ಆ ಕಾರಿನಲ್ಲಿ ನಿಂತೇ ಸಂಸಾರಕ್ಕೆ ಹೋದವರು. ಆಮೇಲೆ ಎಂಜಿನ್ನು ಕೈಕೊಟ್ಟಿತು. ಕಾರು ಗೋದಾಮಿನಲ್ಲಿ ಅರಿಷಿಣದ ಚೀಲಗಳ ಹಿಂದೆ ಸೇರಿತು. ಧೂಳು ಕೂತೂ ಕೂತೂ, ನಾನು ಹತ್ತು ವರ್ಷದವನಾಗುವ ತನಕ ಅದರ ಬಣ್ಣ ಹಳದಿ ಅಂತಲೇ ನಂಬಿದ್ದೆ. ಕಾಕಾ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಒಳಗಿಂದ ಹಸಿರು ಹೊರಬಂತು. ಅವತ್ತಿನಿಂದ ಕಾಕಾ ಅಂಗಡಿಯಲ್ಲಿ ಇದ್ದದ್ದಕ್ಕಿಂತ ಮಿರಜಿನ ಗ್ಯಾರೇಜಿನಲ್ಲಿ ಇದ್ದದ್ದೇ ಹೆಚ್ಚು.

ಎಂಜಿನ್ನು ಆಯಿತು, ಬ್ರೇಕು ಆಯಿತು, ಬಣ್ಣ ಆಯಿತು. ಅಷ್ಟರಲ್ಲಿ ಊರಿಗೆ ಹೊಸ ಕಾಲ ಬಂದಿತ್ತು. ಸಾಂಗ್ಲಿ ಮಿರಜು ಎರಡೂ ಬೆಳೆದು ಒಂದನ್ನೊಂದು ಮುಟ್ಟುವಂತಾಗಿದ್ದವು. ಡಿಶ್ ಆಂಟೆನಾ ಇಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಅಪ್ಪನೂ ಗೋದಾಮು ಕೆಡವಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲು ಹೊರಟರು. ಪುಣೆಯ ಒಬ್ಬ ಹೋಟೆಲಿನವನು ಕಾರು ಕೇಳಿದ್ದ. ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ ಹೂವಿನ ಗಿಡ ಹಚ್ಚುತ್ತಾನಂತೆ. ಕಾಕಾ ಆ ದಿನ ಊಟ ಬಿಟ್ಟರು. ಕಡೆಗೆ ಅಪ್ಪ ಪಂಚಾಯತಿ ಮುಗಿಸಿದರು:

“ಟಪ್ಪಿಲ್ಲದ ಗಾಡಿ ಗಾಡಿ ಅಲ್ಲ ಬಾಳಾ, ಚಕ್ಕಡಿ. ದಸರಾದೊಳಗ ಟಪ್ಪ ಏರಸು. ಮ್ಯಾಲ ನೀರ ಸುರುವಿದ್ರ ಒಳಗ ಕುಂತಾವ ತೊಯ್ಬಾರ್ದು. ಅಂದ್ರ ಗಾಡಿ ನಿಂದು. ಇಲ್ಲಂದ್ರ ಪುಣೇಕ್ಕ ಹೋಗ್ತೈತಿ.”

ಹಾಗೆ ಅಂದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು: ಆ ಟಪ್ಪು ಹೇಗಿತ್ತು ಎಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಕಟ್ಟಿದ ಕಂಪನಿ ಎಂದೋ ಮುಚ್ಚಿತ್ತು. ಅಂಥದೇ ಇನ್ನೊಂದು ಕಾರು ಭೂಮಿಯ ಮೇಲೆ ಉಳಿದದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ಹಿಲ್ಡಾ ಎಂಬ ಮುದುಕಿಯ ಹತ್ತಿರ. ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಹೋಯಿತು. ಉತ್ತರ ಬಂದಾಗ ಬೂತಿನವನು ಅದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಓದಿ ಹೇಳಿ, ಆಮೇಲೆ ನಮಗೆ ಕೊಟ್ಟ. ಬಂದು ನೋಡಬಹುದು, ಮುಟ್ಟುವುದು ಬಿಡುವುದು ಆಮೇಲೆ, ಅಂತ ಬರೆದಿದ್ದರು.

ಕಾಕಾನ ಜೊತೆ ದುಭಾಷಿಯಾಗಿ ನಾನು. ನಾನು ಇಂಗ್ಲಿಷ್ ಮಾಧ್ಯಮದವನು. ಹತ್ತನೇ ಇಯತ್ತೆಯಲ್ಲಿ ಫೇಲಾದದ್ದು ನಿಜ, ಆದರೆ ಫೇಲಾದದ್ದು ಇಂಗ್ಲಿಷಿನಲ್ಲೇ. ಮಿರಜ್ ಸ್ಟೇಶನ್ನಿನಲ್ಲಿ ಬೀಳ್ಕೊಡಲು ಇಡೀ ಓಣಿ ಬಂದಿತ್ತು. ಆ ಗದ್ದಲದಲ್ಲಿ ಅಳತೆಯ ಟೇಪು, ನಕ್ಷೆ ಬರೆಯುವ ದೊಡ್ಡ ಕಾಗದದ ಸುರುಳಿ ಎರಡನ್ನೂ ನಾನು ವೇಟಿಂಗ್ ರೂಮಿನ ಬೆಂಚಿನ ಮೇಲೆ ಭದ್ರವಾಗಿ ಬಿಟ್ಟೆ. ಅದು ಗೊತ್ತಾದದ್ದು ಸಮುದ್ರ ದಾಟಿದ ಮೇಲೆ.

ವಿಮಾನ

ಕಾಕಾ ವಿಮಾನ ಹತ್ತಿದವರೇ ಸೀಟನ್ನು ಬಗ್ಗಿ ಮೂಸಿ ನೋಡಿದರು. ಮುನಿ ಮಹಾರಾಜರ ಮುಂದೆ ನೇಮ ತೆಗೆದುಕೊಂಡವರು ಅವರು: ಚರ್ಮ ಹಾಕುವುದಿಲ್ಲ, ಚರ್ಮದ ಮೇಲೆ ಕೂರುವುದಿಲ್ಲ. ಕಾಲಲ್ಲಿ ಕ್ಯಾನ್ವಾಸ್ ಬೂಟು, ಸೊಂಟಕ್ಕೆ ಧೋತರ, ಪಾಕೀಟೂ ಅರಿವೆಯದು. ಸೀಟು ಬಟ್ಟೆಯದೇ ಅಂತ ಖಾತ್ರಿಯಾದ ಮೇಲೂ ಹಿಂದಿನ ಎರಡು ಸೀಟು ಮೂಸಿ ಬಂದರು. ಗಗನಸಖಿ ಓಡಿ ಬಂದು ಏನಾದರೂ ವಾಸನೆ ಬರುತ್ತಿದೆಯೇ ಅಂತ ಕೇಳಿದಳು. ಶೇಂಗಾ ಚಟ್ನಿಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ವಾಸನೆ ಬರುತ್ತಿದ್ದದ್ದು ಸುತ್ತಲಿನ ನಾಲ್ಕು ಸಾಲಿಗೆ.

ಹಿಲ್ಡಾಬಾಯಿಯ ಊರು

ಲಂಡನ್ನಿನಿಂದ ರೈಲಿನಲ್ಲಿ ಹೋದೆವು. ಆ ರೈಲಿನಲ್ಲಿ ಜನ ಹೆಣ ಇಟ್ಟುಕೊಂಡವರ ಹಾಗೆ ಕೂತಿರುತ್ತಾರೆ. ಮಿರಜ್ ಪುಣೆ ಪ್ಯಾಸೆಂಜರಿನಲ್ಲಿ ಒಂದು ಸ್ಟೇಶನ್ ದಾಟುವುದರೊಳಗೆ ಎದುರಿನವರ ಗೋತ್ರ, ಬೆಳೆ, ಸೊಸೆಯ ಗುಣ ಎಲ್ಲ ಗೊತ್ತಾಗಿರುತ್ತದೆ. ಕಾಕಾನಿಗೆ ತಡೆಯಲಾಗಲಿಲ್ಲ. ಎದುರಿನ ಸಾಹೇಬರು ಎಲ್ಲಿಗೆ ಹೊರಟಿದ್ದಾರೆ, ಮಕ್ಕಳೆಷ್ಟು ಅಂತ ಕೇಳು ಅಂದರು. ಕೇಳಿದೆ. ಆ ಮನುಷ್ಯ ನಕ್ಕು, ಪೇಪರು ಮಡಚಿ, ಎದ್ದು ಬೇರೆ ಡಬ್ಬಿಗೆ ಹೋದ. ನಮ್ಮ ಸೊಲ್ಲಿಗೆ ಖಾಲಿಯಾದ ಸೀಟಿನ ಮೇಲೆ ಕಾಕಾ ಕಾಲು ಚಾಚಿದರು.

ಇಳಿದುಕೊಂಡದ್ದು ಒಬ್ಬ ನಿವೃತ್ತ ಡಾಕ್ಟರರ ಮನೆಯ ಬಾಡಿಗೆ ಕೋಣೆಯಲ್ಲಿ. ಅಲ್ಲಿ ಬಚ್ಚಲಿಗೂ ಗಾಲೀಚೆ ಹಾಸಿದ್ದರು. ನೀರು ಹೋಗಲು ನೆಲದಲ್ಲಿ ತೂತಿಲ್ಲ. ಕಾಕಾ ತಂಬಿಗೆಯಿಂದ ನಾಲ್ಕು ಸಲ ನೀರು ಸುರಿದುಕೊಂಡಾಗ ಕೆಳಗೆ ಡಾಕ್ಟರರ ಹೆಂಡತಿಯ ಚಹಾಕ್ಕೆ ಮೇಲಿಂದ ತೀರ್ಥ ಬಿತ್ತು. ಆಕೆ ಸಿಟ್ಟಾಗಲಿಲ್ಲ, ಹವಾಮಾನದ ಬಗ್ಗೆ ಏನೋ ಅಂದರು.

ಒಂದು ವಿಷಯದಲ್ಲಿ ಮಾತ್ರ ಕಾಕಾ ಆ ದೇಶಕ್ಕೆ ಸೋತುಹೋದರು. ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಅದು ಜೂನ್ ತಿಂಗಳು. ಅಲ್ಲಿಯ ಸೂರ್ಯ ನಮ್ಮ ಮಂದಿ ಒಂದು ನಿದ್ದೆ ಮುಗಿಸುವ ಹೊತ್ತಾದರೂ ಹೋಗುವ ಮನಸ್ಸೇ ಮಾಡುವುದಿಲ್ಲ. ಕಾಕಾ ಕಿಟಕಿಯ ಹತ್ತಿರ ಕೂತು ಎರಡೆರಡು ಸಲ ಉಂಡರು. ನಮ್ಮ ಧರ್ಮಕ್ಕೆ ಇದು ಹೇಳಿ ಮಾಡಿಸಿದ ದೇಶ, ಮುನಿಗಳಿಗೆ ಯಾಕೆ ಯಾರೂ ತಿಳಿಸಿಲ್ಲ ಅಂತ ಕೇಳಿದರು.

ಹಿಲ್ಡಾಬಾಯಿಯ ಗ್ಯಾರೇಜು ಅವರ ಮನೆಗಿಂತ ದೊಡ್ಡದಿತ್ತು. ಎತ್ತರದ ಹೆಂಗಸು, ಮೈಮೇಲೆ ಎಣ್ಣೆ ಹತ್ತಿದ ಮೆಕ್ಯಾನಿಕ್ಕಿನ ನೀಲಿ ಡಗಲೆ, ಕಿವಿಯಲ್ಲಿ ಮುತ್ತು. ಒಳಗೆ ನಮ್ಮ ಕಾರು ನಿಂತಿತ್ತು. ನಮ್ಮದೇ, ಆದರೆ ಒಳ್ಳೆಯ ಮನೆಯಲ್ಲಿ ಬೆಳೆದದ್ದು. ತಲೆಯ ಹಿಂದೆ ಮಡಚಿಟ್ಟ ಟಪ್ಪು. ಕಾಕಾ ಬಾಗಿಲಲ್ಲೇ ಬೂಟು ಬಿಚ್ಚಿದರು, ಬಸದಿಯೊಳಗೆ ಹೋದ ಹಾಗೆ ಹೋಗಿ, ಸುತ್ತ ತಿರುಗಿ, ಟಪ್ಪಿನ ಮಡಿಕೆಯ ಹತ್ತಿರ ನಿಂತುಬಿಟ್ಟರು. ಹಿಲ್ಡಾಬಾಯಿ ಬಾಗಿಲಲ್ಲಿದ್ದ ಬೂಟುಗಳನ್ನೇ ನೋಡುತ್ತಿದ್ದರು.

ಆಮೇಲೆ ತಮ್ಮ ಶರತ್ತು ಹೇಳಿದರು. ಇದರ ನಕಲು ಕಟ್ಟಲು ಟೇಪು ಹಿಡಿದುಕೊಂಡು ಬಹಳ ಜನ ಬಂದುಹೋಗಿದ್ದಾರಂತೆ. ಅವರಿಗೆ ಕಾರು ಅಂದರೆ ಬರೀ ಕಬ್ಬಿಣ. ಅದಕ್ಕೇ ಮೊದಲು ತನ್ನ ಜೊತೆ ಕಾರಿನಲ್ಲಿ ಒಂದು ಸುತ್ತು ಬರಬೇಕು, ಬಂದವರಿಗಷ್ಟೇ ಅಳತೆ. ಇದಕ್ಕಿಂತ ಸುಲಭದ ಪರೀಕ್ಷೆ ನನ್ನ ಜೀವನದಲ್ಲಿ ಬಂದಿರಲಿಲ್ಲ. ಕಾಕಾ ಬಾಗಿಲು ತೆರೆದರು, ಬಗ್ಗಿದರು, ಮೂಸಿದರು.

“ಚರ್ಮ ಐತೋ.”

“ಭಾಳ ಹಳೇದ್ರಿ ಕಾಕಾ. ಆ ದನ ಇಷ್ಟೊತ್ತಿಗೆ ಇನ್ನೆರಡು ಜನ್ಮಾ ಮುಗಿಸಿರಬೇಕು.”

“ನಿನ್ನ ತಲಿ. ನೇಮಾ ಅದ ನಂದು. ಕುಂದ್ರಾಂಗಿಲ್ಲ ಅಂತ ಆ ಬಾಯಿಗಿ ಖರೇ ಹೇಳಿಬಿಡು.”

ಖರೆ ಹೇಳಲು ನನಗೆ ಧೈರ್ಯವಾಗಲಿಲ್ಲ. ನಿಮ್ಮ ಜೀವಕ್ಕಿಂತ ಹೆಚ್ಚಿನ ಕಾರಿನ ಸೀಟು ನಮಗೆ ಮೈಲಿಗೆ ಅಂತ ಆಕೆಯ ಗ್ಯಾರೇಜಿನಲ್ಲೇ ನಿಂತು ಹೇಳಿದರೆ ಟಪ್ಪು ಹೋಗಲಿ, ಬೂಟು ಹಾಕಿಕೊಳ್ಳಲೂ ಬಿಡುವುದಿಲ್ಲ ಅನ್ನಿಸಿತು. ಯಾರ ಮನಸ್ಸಿಗೂ ನೋವಾಗದಂಥ ಕಾರಣ ಬೇಕಿತ್ತು. ಕಾಕಾನಿಗೆ ಮೂಲವ್ಯಾಧಿ, ಕೂರಲು ಆಗುವುದಿಲ್ಲ ಅಂದೆ. ಇಂಗ್ಲಿಷ್ ಶಬ್ದ ನೆನಪಾಗದೆ ಸ್ವಲ್ಪ ಅಭಿನಯವನ್ನೂ ಮಾಡಬೇಕಾಯಿತು. ಹಿಲ್ಡಾಬಾಯಿ ಕಾಕಾನನ್ನು ಕರುಣೆಯಿಂದ ನೋಡಿ, ನಾಳೆ ಬನ್ನಿ ಅಂದರು. ಕಾಕಾ ಕೈಮುಗಿದರು. ಎಷ್ಟು ತಿಳಿದ ಹೆಂಗಸು, ಧರ್ಮ ಅಂದರೆ ಕೂಡಲೇ ಅರ್ಥವಾಯಿತು ನೋಡು ಅಂತ ದಾರಿಯುದ್ದ ಹೊಗಳಿದರು.

ಡಾಕ್ಟರರ ಮನೆ

ಆ ಸಂಜೆ ಕಾಕಾ ಬಿಸಿಲಿನಲ್ಲಿ ಎರಡನೇ ಊಟಕ್ಕೆ ಕೂತಿದ್ದಾಗ ಡಾಕ್ಟರರು ಬಾಗಿಲು ಬಡಿದರು. ಒಂದು ಕೈಯಲ್ಲಿ ಮುಲಾಮಿನ ಟ್ಯೂಬು, ಇನ್ನೊಂದರಲ್ಲಿ ಕೆಳಗಿಟ್ಟುಕೊಂಡು ಕೂರಲು ಗಾಳಿ ತುಂಬಿದ ರಬ್ಬರಿನ ಬಳೆ, ನಡುವೆ ತೂತಿನದು. ಹಿಲ್ಡಾ ಫೋನ್ ಮಾಡಿದ್ದರು, ನಾಚಿಕೊಳ್ಳಬಾರದು, ಸ್ವಲ್ಪ ಮಗ್ಗುಲಾಗಿ ಮಲಗಿದರೆ ನೋಡಿಬಿಡುತ್ತೇನೆ ಅಂದರು. ಕಾಕಾ ರಬ್ಬರಿನ ಬಳೆಯನ್ನು ತಿರುಗಿಸಿ ನೋಡಿ, ಇದು ಯಾವ ಗಾಡಿಯ ಟ್ಯೂಬು ಅಂತ ಕೇಳಿದರು. ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದೆ. ಡಾಕ್ಟರರನ್ನು ನಾಳೆ ನೋಡೋಣ ಅಂತ ಸಾಗಹಾಕಿದೆ.

ಕಾಕಾ ರೊಟ್ಟಿಯನ್ನು ಚೂರುಚೂರಾಗಿ ಮುರಿದರು.

“ಸಾಂಗ್ಲ್ಯಾಗ ಜನ್ಮಾಪೂರ್ತಿ ಮಾನಾ ಕಾಯ್ಕೊಂಡ ಬಂದೇನಿ,” ಅಂದರು. “ನೀ ಒಂದ ದಿನದಾಗ ಬಿಲಾಯ್ತಿ ತುಂಬ ನನ್ನ ಕುಂಡಿ ಸುದ್ದಿ ಹಬ್ಬಿಸಿದ್ಯಲ್ಲೋ.”

ಅದು ಅತಿಶಯೋಕ್ತಿ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಹೊರಗೆ ಬಿದ್ದರೆ ಹಾಲಿನವನು, ಟಪಾಲಿನವನು, ನಾಯಿ ಹಿಡಿದುಕೊಂಡ ಒಬ್ಬ ಅಜ್ಜಿ, ಎಲ್ಲರೂ ತಮ್ಮ ಟೊಪ್ಪಿಗೆ ಮುಟ್ಟಿ ಕಾಕಾನಿಗೆ ಹೇಗಿದ್ದೀರಿ ಅಂತ ಮೆತ್ತಗೆ ಕೇಳಿದರು. ರೈಲಿನಲ್ಲಿ ಮಾತೇ ಆಡದ ಜನ ಸುದ್ದಿಯನ್ನು ಯಾವ ದಾರಿಯಿಂದ ಸಾಗಿಸುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಫ್ಯಾಕ್ಸ್ ಬೂತಿನವನು ಇವರ ಮುಂದೆ ಶಿಶು.

ಊರೊಳಗಿನ ಸುತ್ತು

ಗ್ಯಾರೇಜು ಮುಟ್ಟಿದ ಕೂಡಲೇ ಕಾಕಾ ನನ್ನನ್ನು ಬದಿಗೆ ಸರಿಸಿದರು. ಸೀಟನ್ನು ತೋರಿಸಿ ಹಂಬಾ ಅಂದರು. ಕುತ್ತಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆದು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದು, ತಲೆ ಅಲ್ಲಾಡಿಸಿದರು. ತಮ್ಮ ಹಿಂಭಾಗ ತಟ್ಟಿಕೊಂಡು ‘ಓಕೆ’ ಅಂದರು. ಕಡೆಗೆ ನನ್ನನ್ನು ತೋರಿಸಿ, ನನ್ನ ತಲೆಗೆ ಒಂದು ಬಿಗಿದರು. ನಾನು ಹಿಂದಿನ ದಿನ ಕೆಡಿಸಿದ್ದನ್ನು ಒಂದು ಶಬ್ದದ ಇಂಗ್ಲಿಷಿನಿಂದ ಸರಿಮಾಡಿದರು. ಹಿಲ್ಡಾಬಾಯಿಗೆ ಎಲ್ಲವೂ ಅರ್ಥವಾಯಿತು, ಕೊನೆಯದು ವಿಶೇಷವಾಗಿ.

ಆದರೆ ಶರತ್ತು ಸಡಿಲಲಿಲ್ಲ. ನೇಮ ನಿಮಗಿದ್ದ ಹಾಗೆ ನನಗೂ ಇದೆ, ಸುತ್ತು ಬರದವರಿಗೆ ಅಳತೆ ಇಲ್ಲ, ಅಂದರು. ಇಬ್ಬರು ಮುದುಕರು, ಎರಡು ನೇಮ, ನಡುವೆ ನಾನು. ಸೀಟಿನ ಮೇಲೆ ಹಲಗೆ ಹಾಕೋಣವೇ ಅಂದೆ. ಹಲಗೆಯ ಕೆಳಗೆ ಏನಿರುತ್ತದೆ ಅಂತ ಕಾಕಾ ಕೇಳಿದರು. ಪುಣೆಯ ಹೋಟೆಲಿನ ಗೇಟು ನನ್ನ ಕಣ್ಣಮುಂದೆ ಬಂತು. ಕಾರಿನೊಳಗಿಂದ ತಲೆಯೆತ್ತಿದ ಚೆಂಡುಹೂವೂ ಬಂತು. ಕಾಕಾನಿಗೂ ಬಂದಿರಬೇಕು, ಮುಖ ಸಣ್ಣದಾಯಿತು.

“ನಿಂತ ಬರ್ತೇನಂತ ಹೇಳು,” ಅಂದರು ಕಾಕಾ. “ನಮ್ಮ ಗಾಡ್ಯಾಗ ಯಾಂವ ಕುಂತಾನ ಇಲ್ಲೀತನಕ?”

ಹಿಲ್ಡಾಬಾಯಿ ಯೋಚಿಸಿದರು. ತನ್ನ ಶರತ್ತು ಸುತ್ತು ಬರುವುದಷ್ಟೇ, ಕೂರಬೇಕು ಅಂತ ತಾನು ಹೇಳಿಲ್ಲ ಅಂದರು. ಮುಂದಿನ ಸೀಟಿನ ಬೆನ್ನೂ ಚರ್ಮದ್ದೇ, ಹಿಡಿಯುವಂತಿಲ್ಲ. ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ತಂದು ಮುಂದಿನ ಗಾಜಿನ ಎರಡೂ ಕಂಬಕ್ಕೆ ಕಟ್ಟಿ, ತುದಿಗಳನ್ನು ಕಾಕಾನ ಕೈಗೆ ಕೊಟ್ಟರು. ಹಿಂಭಾಗದಲ್ಲಿ ಬರಿಗಾಲಲ್ಲಿ, ಧೋತರ ಟೊಪ್ಪಿಗೆಯಲ್ಲಿ, ಎತ್ತಿನ ಹಗ್ಗ ಹಿಡಿದ ಹಾಗೆ ಕಾಕಾ. ಮುಂದೆ ಸ್ಟೀರಿಂಗಿಗೆ ಹಿಲ್ಡಾಬಾಯಿ. ಪಕ್ಕದಲ್ಲಿ ಯಾವ ನೇಮವನ್ನೂ ತೆಗೆದುಕೊಳ್ಳದ ನಾನು, ಡಾಕ್ಟರರು ಬಿಡದೆ ಕೊಟ್ಟ ರಬ್ಬರಿನ ಬಳೆಯನ್ನು ಕೊರಳಲ್ಲಿ ಹಾಕಿಕೊಂಡು.

ಹಾಗೆ ಇಡೀ ಊರು ಸುತ್ತಿದೆವು. ಕಾಕಾ ಮದುವೆಯ ದಿನ ನಿಂತವರು ಮತ್ತೆ ಅವತ್ತೇ ನಿಂತದ್ದು. ಅಭ್ಯಾಸಬಲದಿಂದ ಎಡಕ್ಕೂ ಬಲಕ್ಕೂ ತಲೆಬಾಗುತ್ತ ಹೊರಟರು. ಜನ ಅಂಗಡಿ ಬಿಟ್ಟು ಹೊರಗೆ ಬಂದು ಕೈಬೀಸಿದರು. ಮೂಲವ್ಯಾಧಿಯನ್ನು ಇಷ್ಟು ಗೌರವದಿಂದ ಹೊತ್ತ ಮನುಷ್ಯನನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ.

ಊರಾಚೆ ಮಳೆ ಬಂತು. ಅಲ್ಲಿಯ ಮಳೆ ಗುಡುಗುವುದಿಲ್ಲ, ಮಿಂಚುವುದಿಲ್ಲ, ಸಾಲ ಕೇಳಲು ಬಂದ ನೆಂಟನ ಹಾಗೆ ಸದ್ದಿಲ್ಲದೆ ಬಂದು ನಿಂತಿರುತ್ತದೆ. ಹಿಲ್ಡಾಬಾಯಿ ಗಾಡಿ ನಿಲ್ಲಿಸಿ ಟಪ್ಪು ಎತ್ತತೊಡಗಿದರು. ಕಾಕಾ ಇಳಿಯಲಿಲ್ಲ. ಒಳಗೇ ನಿಂತು, ಮೇಲೇರಿ ಬಂದ ಒಂದೊಂದು ಕಮಾನನ್ನೂ ಕೈಯಲ್ಲಿ ತೆಗೆದುಕೊಂಡು ಮುಂದಕ್ಕೆ ದಾಟಿಸಿದರು. ಟಪ್ಪು ಕೂತಾಗ ಅವರು ಅದರ ಕೆಳಗೆ ಕುಕ್ಕರಗಾಲಲ್ಲಿ ನೆಲದ ಮೇಲಿದ್ದರು. ಸ್ವಲ್ಪ ದೂರ ಹೋದ ಮೇಲೆ ಹಿಲ್ಡಾಬಾಯಿ ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೂ ಇಲ್ಲ. ಗಾಬರಿಯಾಗಿ ಬ್ರೇಕು ಹಾಕಿದರು. ಕಾಕಾ ಕೆಳಗಿನಿಂದ, ನನ್ನ ಬಿಡ್ರಿ, ಗಾಡಿ ಹೊಡೀರಿ ಅಂದರು. ಅವರು ಬಗ್ಗಿ ಕೂತು ಟಪ್ಪಿನ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಟಪ್ಪು ಕೂತ ಮೇಲೆ ಅವರ ಮೈಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಹಿಲ್ಡಾಬಾಯಿ ನಟ್ಟು ಬಿಚ್ಚುವ ಪಾನಾ ತಂದು ಕಾಕಾನ ಕೈಗಿಟ್ಟರು.

ಗ್ಯಾರೇಜಿನ ನೆಲ

ಆಗ ನಾನು ಟೇಪು ಮತ್ತು ಕಾಗದದ ವಿಷಯ ಹೇಳಬೇಕಾಯಿತು. ಹಿಲ್ಡಾಬಾಯಿಯ ಟೇಪು ಇತ್ತು, ಆದರೆ ಆ ಸೊಟ್ಟ ತೋಳುಗಳನ್ನು ಅಂಕಿಯಲ್ಲಿ ಬರೆಯುವುದು ನನ್ನಂಥವನ ಕೈಲಿ ಆಗುವ ಮಾತಲ್ಲ. ಕಾಕಾ ಬೈಯಲೂ ಇಲ್ಲ. ಕೋಣೆಗೆ ಹೋಗಿ, ಪರದೇಶಕ್ಕೆಂದು ಖರೀದಿಸಿದ್ದ ಕೋರಾ ಧೋತರವನ್ನು ತಂದರು. ಇನ್ನೂ ನೀರು ಕಾಣದ ಹೊಸ ಧೋತರ, ಗಂಜಿಯ ವಾಸನೆ ಹೋಗಿರಲಿಲ್ಲ. ಅದನ್ನು ನೆಲದ ಮೇಲೆ ಹಾಸಿ, ಬಿಚ್ಚಿದ ತೋಳುಗಳನ್ನು ಮೇಲಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಕೀಲು ಬರುವ ಕಡೆಗೆಲ್ಲ ಡಾಕ್ಟರರ ಹೆಂಡತಿಯ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟರು. ಹಿಲ್ಡಾಬಾಯಿ ಧೋತರದ ಇನ್ನೊಂದು ತುದಿಯನ್ನು ಮೊಣಕಾಲೂರಿ ಹಿಡಿದಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಮಧ್ಯಾಹ್ನವಿಡೀ ಇಬ್ಬರೂ ಜಗಳಾಡಿದರು. ನನ್ನನ್ನು ಚಹಾ ತರಲು ಮಾತ್ರ ಕರೆದರು.

ಮರಳಿ ಬರುವಾಗ ಮುಂಬಯಿಯ ಕಸ್ಟಮ್ಸ್‌ನವನು ಚೀಲದಲ್ಲಿ ಮಡಚಿಟ್ಟಿದ್ದ ಆ ಧೋತರ ಬಿಚ್ಚಿಸಿದ. ಉದ್ದಕ್ಕೂ ಗೆರೆ, ಕೆಂಪು ಚುಕ್ಕೆ. ಇನ್ನಿಬ್ಬರನ್ನು ಕರೆದು ತೋರಿಸಿದ. ಒಬ್ಬ ಕುಂಡಲಿ ಅಂದ, ಒಬ್ಬ ಕ್ಷಿಪಣಿ ಇರಬಹುದು ಅಂದ. ಧೋತರ ಉಟ್ಟ ಮನುಷ್ಯ ಧೋತರ ತಂದರೆ ಏನು ತಪ್ಪು ಅಂತ ಕಾಕಾ ಕೇಳಿದರು. ಅದಕ್ಕೆ ಅವರಲ್ಲಿ ಕಾಯಿದೆ ಇರಲಿಲ್ಲ.

ಸಾಂಗ್ಲಿ

ಮನೆಗೆ ಬಂದು ಮಲಗಿದ್ದಷ್ಟೇ ನೆನಪು. ಎದ್ದು ಬಂದಾಗ ಹಿತ್ತಲಲ್ಲಿ ಕಾಕಾನ ಹೆಂಡತಿ ಕಾಕು ಆ ಧೋತರ ಹಿಂಡುತ್ತಿದ್ದರು.

“ದೇಶಾ ತಿರಗಿ ಬಂದ ಅರಬಿ, ಮೊದ್ಲ ನೀರಿಗಿ ಹಾಕಿನಿ,” ಅಂದರು ಕಾಕು. “ಯಾಂವ ಪೆನ್ಸಿಲ್ ತಗೊಂಡ ಇಷ್ಟ ಹೊಲಸ ಮಾಡಿದ್ನೋ, ತಿಕ್ಕಿ ತಿಕ್ಕಿ ತಗದೇನಿ. ಆ ಕೆಂಪು ಡಾಗ ಮಾತ್ರ ಹೋಗವಲ್ವು.”

ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಒದ್ದೆ ಧೋತರವನ್ನು ಹರವಿ, ಚುಕ್ಕೆಗಳನ್ನು ಮುಟ್ಟುತ್ತ ಹೋದರು. ಚುಕ್ಕೆ ಎಲ್ಲವೂ ಇದ್ದವು. ತೋಳು ಎಲ್ಲಿ ಬಾಗುತ್ತದೆ, ಯಾವ ಕಮಾನು ಮೊದಲು ಏಳುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಚುಕ್ಕೆಯಿಂದ ಚುಕ್ಕೆಗೆ ಹೊಸದಾಗಿ ಗೆರೆ ಎಳೆದರು. ಕಬ್ಬಿಣ, ಮೇಲಿನ ಬಟ್ಟೆ ಎರಡೂ ಮಿರಜಿನ ಗ್ಯಾರೇಜಿನಲ್ಲಿ ಆದವು. ಕಟ್ಟಿಗೆಯ ಕಮಾನುಗಳನ್ನು ಅಲ್ಲಿಯ ಸಿತಾರು ಮಾಡುವ ಒಂದು ಮನೆಯವರು ಮಾಡಿಕೊಟ್ಟರು. ಬೇಡ ಅಂದರೂ ಕೇಳದೆ ತಂಬೂರಿಗೆ ಹಾಕುವ ಬಳ್ಳಿ ಚಿತ್ತಾರ ಹಾಕಿ ಪಾಲಿಶ್ ಹೊಡೆದರು, ತಂತಿ ಹಚ್ಚಲಿಲ್ಲ ಅಷ್ಟೇ.

ಟಪ್ಪು ಕಾರಿಗೆ ಕೂತದ್ದೇ ದಸರೆಯ ಹಿಂದಿನ ರಾತ್ರಿ, ಎತ್ತಿ ನೋಡಲು ಹೊತ್ತಿರಲಿಲ್ಲ. ದಸರೆಯ ಬೆಳಿಗ್ಗೆ ಗೋದಾಮಿನ ಮುಂದೆ ಕಾರು ನಿಲ್ಲಿಸಿದೆವು. ಸ್ಟೀರಿಂಗಿಗೆ ನಾನು. ಅಪ್ಪ ಬಂದು ಹಿಂದಿನ ಗಾದಿಯ ಮೇಲೆ ಕೂತರು. ಆ ಕಾರಿನ ಹಿಂಭಾಗದಲ್ಲಿ ಕೂತ ಮೊದಲ ಗಂಡಸು ಅವರೇ ಇರಬೇಕು. ಕಾಕಾ ಟಪ್ಪು ಎತ್ತಿದರು. ಒಂದೊಂದೇ ಕಮಾನು ಎದ್ದು ತಲೆಯ ಮೇಲೆ ದಾಟಿ, ಮುಂದಿನ ಗಾಜಿನ ಹತ್ತಿರ ಬಂದು, ನಿಂತುಬಿಟ್ಟಿತು. ಗಾಜಿಗೂ ಟಪ್ಪಿಗೂ ನಡುವೆ ನಾಲ್ಕು ಬೆರಳು ಬಯಲು. ಕಾಕಾ ಎಳೆದರು. ನಾನು ಒಳಗಿನಿಂದ ಜೋತುಬಿದ್ದೆ. ಬರಲಿಲ್ಲ. ಟಪ್ಪು ಮಾಡಿದವರದು ತಪ್ಪಲ್ಲ. ಕೋರಾ ಅರಿವೆ ಮೊದಲ ನೀರಿಗೆ ಬಿದ್ದರೆ ಕುಗ್ಗುತ್ತದೆ, ಅದರ ಮೇಲಿನ ಚುಕ್ಕೆಗಳ ಅಳತೆಯೂ ಕುಗ್ಗುತ್ತದೆ ಅನ್ನುವುದು ಪೇಟೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

“ನೀರ ಸುರುವು,” ಅಂದರು ಅಪ್ಪ ಒಳಗಿನಿಂದ.

ಕಾಕಾ ಸ್ಟೂಲಿನ ಮೇಲೆ ಹತ್ತಿ, ನನ್ನ ಮುಖ ನೋಡದೆ, ಕೊಡ ಬಗ್ಗಿಸಿದರು. ನೀರು ಟಪ್ಪಿನ ಮೇಲೆ ಚೆನ್ನಾಗಿಯೇ ಹರಿಯಿತು. ಹರಿದು ಮುಂದೆ ಬಂದು, ಆ ನಾಲ್ಕು ಬೆರಳಿನಿಂದ ಪೂರ್ತಿಯಾಗಿ ನನ್ನ ನೆತ್ತಿಗೆ, ಅಲ್ಲಿಂದ ಎದೆಗೆ, ಅಲ್ಲಿಂದ ತೊಡೆಗೆ ಇಳಿಯಿತು. ಎರಡನೇ ಕೊಡವೂ ಹಾಗೇ. ಕಾಕಾ ಖಾಲಿ ಕೊಡ ಹಿಡಿದುಕೊಂಡು ಸ್ಟೂಲಿನ ಮೇಲೇ ನಿಂತಿದ್ದರು. ಇಳಿದು ಬರುವ ಧೈರ್ಯ ಅವರಿಗಿರಲಿಲ್ಲ.

ಹಿಂದೆ ಅಪ್ಪ ತಮ್ಮ ಟೊಪ್ಪಿಗೆ ಮುಟ್ಟಿ ನೋಡಿಕೊಂಡರು. ಹೆಗಲು ಮುಟ್ಟಿಕೊಂಡರು. ಗಾದಿಯ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಸವರಿದರು. ತಲೆಯ ಮೇಲಿನ ಕಮಾನಿನ ಬಳ್ಳಿ ಚಿತ್ತಾರವನ್ನು ಬಹಳ ಹೊತ್ತು ನೋಡಿದರು.

“ಮಾಲಕ ಕೂಡೂದು ಹಿಂದ,” ಅಂದರು ಅಪ್ಪ. “ಹಿಂದ ಒಂದ ಹನಿ ಬಿದ್ದಿಲ್ಲ. ಮುಂದ ಡ್ರೈವರ್ ತೊಯ್ದರ ಅದು ಗಾಡೀ ತಪ್ಪಲ್ಲ.”

ಸ್ಟೂಲಿನ ಮೇಲಿಂದ ಕೊಡ ಕೆಳಗೆ ಬಿದ್ದ ಸದ್ದಾಯಿತು. ಅಪ್ಪ ಅತ್ತ ತಿರುಗಲಿಲ್ಲ. ನನ್ನ ಬೆನ್ನಿಗೆ ಬೆರಳಿನಿಂದ ತಿವಿದರು.

“ಪುಣೇದಾಂವಗ ಬರಬ್ಯಾಡ ಅಂತ ಫೋನ್ ಮಾಡು ಹೋಗು. ಲಗೂನ ಏಳು ಮೊದ್ಲ, ಗಾದಿ ತೊಯ್ಲಿಕ್ಕತ್ತೈತಿ.”